ಒಂದನೇ ನಂಬರಿನ ಮರ್ಯಾದೆ

ಪಟೇಲರು ತೀರಿಕೊಂಡ ಸುದ್ದಿಯನ್ನು ನನಗೆ ಫೋನಿನಲ್ಲಿ ಹೇಳಿದವಳು ನೀಲಮ್ಮ. ನಾನು ಕೆಲಸದಿಂದ ನಿವೃತ್ತಳಾಗಿ ನಾರಾಯಣಪೇಟೆಯಲ್ಲಿ ಮನೆ ಮಾಡಿದ ಮೇಲೂ ಮೊದಲು ನರ್ಸಾಗಿದ್ದ ಆ ಊರಿನ ಹುಟ್ಟು ಸಾವುಗಳೆಲ್ಲ ನನಗೆ ತಿಳಿಯುವುದು ಅವಳಿಂದಲೇ.

"ನರ್ಸಮ್ಮಾ, ಪಟೇಲ್ರು ಹೋಗಿಬಿಟ್ರು ನೋಡ್ರಿ. ಮಧ್ಯಾಹ್ನ ಮಣ್ಣು. ಬಸ್ಸಿಗೇ ಬರ್ರಿ, ರಸ್ತಾ ಚಲೋ ಐತಿ," ಅಂದಳು.

ಸಾವಿನ ಸುದ್ದಿಯ ಜೊತೆಗೆ ರಸ್ತೆಯ ಸಮಾಚಾರವನ್ನೂ ಸೇರಿಸಿ ಹೇಳಿದ್ದು ಬೇರೆ ಯಾರ ವಿಷಯದಲ್ಲಾದರೂ ವಿಚಿತ್ರವಾಗಿ ಕೇಳುತ್ತಿತ್ತು. ಪಟೇಲರ ವಿಷಯದಲ್ಲಿ ಅದು ಸರಿಯಾಗಿಯೇ ಇತ್ತು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಊರಿನವರಿಗೇ ಗುರುತು ಸಿಗಲಿಕ್ಕಿಲ್ಲ, ಯಾಕೆಂದರೆ ಅಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ನಿಜಾಮರ ಕಾಲದಲ್ಲಿ ಅವರ ಅಜ್ಜ ಮಾಲಿ ಪಟೇಲರಾಗಿ ಊರಿನ ಕಂದಾಯ ಎತ್ತುತ್ತಿದ್ದರಂತೆ. ಸರಕಾರ ಪಟೇಲಕಿಯನ್ನು ಕಿತ್ತುಹಾಕಿ ಎಷ್ಟೋ ಕಾಲವಾಗಿತ್ತು. ಆದರೆ ಆ ಸುದ್ದಿ ಅವರ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ.

ಇಸ್ತ್ರಿ ಮುರಿಯದ ಧೋತರ, ಹಣೆತುಂಬ ವಿಭೂತಿ, ಹೆಗಲ ಮೇಲೆ ಮಡಿಕೆ ಕೆಡದ ಟವಲು. ಮನುಷ್ಯ ಕೆಟ್ಟವರಲ್ಲ. ಯಾರ ಹೊಲವನ್ನೂ ಒತ್ತಿದವರಲ್ಲ, ಯಾರನ್ನೂ ಹೊಡೆದವರಲ್ಲ. ಅವರಿಗಿದ್ದದ್ದು ಒಂದೇ ಚಟ: ಬಂದವರಿಗೆ ಮರ್ಯಾದೆಯನ್ನು ಅಳೆದು ಕೊಡುವುದು. ಅವರ ಪಡಸಾಲೆಯಲ್ಲಿ ಕೈಯಿರುವ ಕುರ್ಚಿ ಒಬ್ಬರಿಗೆ, ಕೈಯಿಲ್ಲದ್ದು ಇನ್ನೊಬ್ಬರಿಗೆ, ಬೆಂಚು ಮತ್ತೊಬ್ಬರಿಗೆ, ಹೊರಗಿನ ಕಟ್ಟೆ ಉಳಿದವರಿಗೆ. ಚಹಾದ್ದೂ ಹಾಗೆಯೇ, ಪಿಂಗಾಣಿ ಕಪ್ಪಿನಿಂದ ಹಿಡಿದು ಸ್ಟೀಲಿನ ಲೋಟದವರೆಗೆ. ಯಾರಿಗೆ ಯಾವುದು ಎಂಬುದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹುಬ್ಬಿನಲ್ಲೇ ತಿಳಿಸುತ್ತಿದ್ದರು. ಸರಕಾರದ ಕೆಲಸವೆಂದು ಹೋದ ನನಗೆ ಮೊದಲ ದಿನ ಕೈಯಿಲ್ಲದ ಕುರ್ಚಿ ಸಿಕ್ಕಿತು. ತಂಬಾಕು ಬಿಡಿ, ಉಪ್ಪು ಕಡಿಮೆ ಮಾಡಿ ಎಂದು ನಾಲ್ಕು ಜನರ ಎದುರಿಗೆ ಹೇಳಿದ ಮೇಲೆ ಬೆಂಚಿಗೆ ಬಂದೆ.

ಇಂಥವರ ಕೈಗೆ ಆ ಗಾಡಿ ಸಿಕ್ಕಿತು.

ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ಜೋರಾಗಿದ್ದ ದಿನಗಳವು. ಪಟೇಲರು ಹೈದರಾಬಾದಿನಿಂದ ಒಂದು ಹಳೇ ಗಾಡಿ ತಂದರು. ಹಸಿರು ಬಣ್ಣ, ಆಳೆತ್ತರ, ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಹೋಗುವಂಥದ್ದು. ಮೊದಲಿನ ಮಾಲೀಕನಿಗೆ ಕಾಡು ಗುಡ್ಡ ಹತ್ತಿಸಿ ಇಳಿಸುವ ಹುಚ್ಚಿತ್ತಂತೆ. ಆತ ಅದಕ್ಕೆ ಹೊರದೇಶದ ಶಾಕ್ ಅಬ್ಸಾರ್ಬರ್ ಹಾಕಿಸಿದ್ದ. ಅವುಗಳ ಬಿಗಿಯನ್ನು ಬದಲಿಸಲು ಕೆಳಗಿಳಿಯಬೇಕಿಲ್ಲ. ಓಡಿಸುತ್ತಲೇ ತಿರುಗಿಸಲು ಸ್ಟೀರಿಂಗಿನ ಎಡಕ್ಕೆ ಒಂದು ನಾಬು, ಹಳೇ ರೇಡಿಯೋದಲ್ಲಿ ಸ್ಟೇಷನ್ ಹುಡುಕುವುದಕ್ಕೆ ಇರುತ್ತಿತ್ತಲ್ಲ, ಅಷ್ಟು ದಪ್ಪದ್ದು. ಸುತ್ತಲೂ ಒಂದರಿಂದ ಒಂಬತ್ತರವರೆಗೆ ಅಂಕಿ. ಒಂದಕ್ಕಿಟ್ಟರೆ ಮೆತ್ತಗೆ, ಒಂಬತ್ತಕ್ಕಿಟ್ಟರೆ ಬಿಗಿ. ಗಾಡಿ ಖಾಲಿಯಿದ್ದು ದಾರಿ ಕೆಟ್ಟಿದ್ದರೆ ಮೆತ್ತಗಿಡಬೇಕು, ಹೇರು ತುಂಬಿದ್ದರೆ ಅಥವಾ ಹೆದ್ದಾರಿಯಲ್ಲಿ ಜೋರಾಗಿ ಹೋಗುವಾಗ ಬಿಗಿ ಮಾಡಬೇಕು ಎಂದು ಆತ ಬಿಡಿಸಿ ಹೇಳಿದ್ದನಂತೆ. ಪಟೇಲರು ಎಲ್ಲದಕ್ಕೂ ತಲೆಯಾಡಿಸಿ, ಮೆತ್ತಗೆ ಮತ್ತು ಬಿಗಿ ಎಂಬ ಎರಡೇ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಊರಿಗೆ ಬಂದರು.

ಊರಿಗೆ ಬಂದ ಮೇಲೆ ಆ ನಾಬು ಅವರ ಪಡಸಾಲೆಯ ಮುಂದುವರಿದ ಭಾಗವಾಯಿತು. ಗಾಡಿಯಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ಅದು ತಿರುಗುತ್ತಿತ್ತೇ ಹೊರತು ದಾರಿ ಹೇಗಿದೆ ಎಂಬುದರ ಮೇಲಲ್ಲ. ತಹಸೀಲ್ದಾರ್, ಇಂಜಿನಿಯರ್, ಮಠದ ಅಯ್ಯನವರು ಕೂತರೆ ಒಂದು. ಹತ್ತಿರದ ಪೇಟೆ ಮಕ್ತಲ್‌ನ ಅಡತಿ ವ್ಯಾಪಾರಿಗಳಿಗೆ ಮೂರು. ಶಾಲೆಯ ಮಾಸ್ತರರಿಗೆ ಐದು. ಊರಿನ ಕುರುಬರು, ಕೂಲಿಯವರು ದಾರಿಯಲ್ಲಿ ಕೈ ಮಾಡಿ ಹತ್ತಿಕೊಂಡರೆ ಒಂಬತ್ತು. ಹತ್ತಿಸಿಕೊಳ್ಳುತ್ತಿದ್ದರು ಅನ್ನಿ, ಇಲ್ಲ ಅನ್ನುತ್ತಿರಲಿಲ್ಲ. ಆದರೆ ಇಳಿಯುವಾಗ ಸೊಂಟ ಹಿಡಿದುಕೊಂಡೇ ಇಳಿಯಬೇಕು.

ಅವರ ಸ್ವಂತ ಹೊಲದ ಶೇಂಗಾ ಚೀಲ ಹೇರಿದಾಗಲೂ ಒಂದಕ್ಕೇ ಇಡುತ್ತಿದ್ದರು. ಅಷ್ಟು ಭಾರಕ್ಕೆ ಮೆತ್ತಗಿಟ್ಟರೆ ಗಾಡಿಯ ಹಿಂಭಾಗ ತಗ್ಗು ಸಿಕ್ಕಾಗಲೆಲ್ಲ ನೆಲಕ್ಕೆ ಬಡಿಯುತ್ತಿತ್ತು. ಹೇರಿಗೆ ಬಿಗಿ ಮಾಡ್ರಿ ಎಂದು ಮಕ್ತಲ್‌ನ ಮೆಕ್ಯಾನಿಕ್ ಗೋಗರೆದರೆ, ಅದು ನಮ್ಮ ಮನೆಯ ಮಾಲು, ಅದಕ್ಕೆ ಕಡಿಮೆ ಮರ್ಯಾದೆ ಮಾಡಲೇನು ಎಂದು ಅವನ ಬಾಯಿಯನ್ನೇ ಮುಚ್ಚಿಸಿದರು. ನಾಲ್ಕು ಗಾಲಿಯ ಗೇರಿನ ಕಥೆಯೂ ಇಷ್ಟೇ. ಮಳೆಗಾಲದ ಎರೆಮಣ್ಣಿನಲ್ಲಿ ಹೂತಾಗ ಅದನ್ನು ಹಾಕಿದ್ದನ್ನು ನಾನು ನೋಡಿಲ್ಲ, ಎತ್ತು ಕಟ್ಟಿ ಎಳೆಸುತ್ತಿದ್ದರು. ಗದ್ವಾಲದಲ್ಲಿ ಮಗಳನ್ನು ಕೊಟ್ಟ ಬೀಗರ ಓಣಿಯ ಸಿಮೆಂಟ್ ರಸ್ತೆಗೆ ಬಂದಾಗ ಮಾತ್ರ ಹಾಕುತ್ತಿದ್ದರು. ಬೀಗರ ಮುಂದೆ ಗಾಡಿ ಪೂರ್ತಿ ಗಾಡಿಯಾಗಿ ಕಾಣಬೇಕಲ್ಲ.

ಆ ಬೀಗರು ಮದುವೆಗೆ ಮುಂಚೆ ಒಂದನೇ ನಂಬರಿನಲ್ಲಿದ್ದರು. ಮದುವೆಯಾದ ಮರುದಿನವೇ ನಾಲ್ಕಾಯಿತು. ಹಬ್ಬಕ್ಕೆ ಅವರು ಕಳಿಸಿದ ಗದ್ವಾಲ ಸೀರೆಯ ಸೆರಗಿನ ಬಗ್ಗೆ ಏನೋ ಮಾತು ಬಂದ ಮೇಲೆ ಏಳಕ್ಕೆ ಹೋಯಿತು. ಅವರೂ ಕಮ್ಮಿಯವರಲ್ಲ. ಬೆನ್ನು ಹಿಡಿದುಕೊಂಡು ಮನೆಗೆ ಹೋದವರು, ಪಟೇಲರು ಮುಂದಿನ ಸಲ ಬಂದಾಗ ಸ್ಟೀಲಿನ ಲೋಟದಲ್ಲಿ ಚಹಾ ಕಳಿಸಿದರು. ಇಬ್ಬರೂ ಒಂದು ಮಾತೂ ಆಡದೆ ವರ್ಷಗಟ್ಟಲೆ ಹೀಗೆ ಜಗಳವಾಡಿದರು.

ಹೋರಾಟಕ್ಕೆ ಬೆಂಬಲ ಕೇಳಿಕೊಂಡು ಬಂದ ಮುಖಂಡರನ್ನು ಅವರು ಐದಕ್ಕಿಟ್ಟಿದ್ದರು. ರಾಜ್ಯ ಆಗುತ್ತದೋ ಬಿಡುತ್ತದೋ ಗೊತ್ತಿರಲಿಲ್ಲ. ದಿಲ್ಲಿಯಿಂದ ಒಳ್ಳೆಯ ಸುದ್ದಿ ಬಂದ ದಿನ ಮೂರಾಗುತ್ತಿತ್ತು, ಸುದ್ದಿ ಸುಳ್ಳಾದರೆ ಆರು. ಪೇಪರ್ ಓದದವರೂ ಆ ಮುಖಂಡರು ಗಾಡಿಯಿಂದ ಇಳಿಯುವ ರೀತಿ ನೋಡಿ ತೆಲಂಗಾಣ ಎಲ್ಲಿಗೆ ಬಂತೆಂದು ಹೇಳುತ್ತಿದ್ದರು. ಕೊನೆಗೆ ರಾಜ್ಯ ಆಗಿಯೇಬಿಟ್ಟಿತು. ಆವತ್ತು ಪಟೇಲರು ನಾಬನ್ನು ಒಂದಕ್ಕೆ ತಿರುಗಿಸಿ ಅದೇ ಮುಖಂಡರನ್ನು ಊರೆಲ್ಲ ಸುತ್ತಿಸಿ, ತಾವು ಮೊದಲಿನಿಂದಲೂ ಹೋರಾಟದಲ್ಲಿದ್ದವರೆಂದು ಪೇಢೆ ಹಂಚಿದರು.

ನನ್ನ ನಂಬರು ಏಳು. ಲಸಿಕೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮಕ್ತಲ್‌ನಿಂದ ಎಷ್ಟೋ ಸಲ ಅವರ ಗಾಡಿಯಲ್ಲಿ ಬಂದಿದ್ದೇನೆ. ಒಮ್ಮೆ ಅವರಿಗೆ ತಲೆ ತಿರುಗಿ, ನಾನು ಮನೆಗೆ ಹೋಗಿ ಬಿಪಿ ನೋಡಿ ಗುಳಿಗೆ ಕೊಟ್ಟೆ. ಮರುದಿನ ನನಗೆ ಮೂರು. ವಾರ ಬಿಟ್ಟು ಮತ್ತೆ ನೋಡಿ, ಬಿಪಿ ಏರಿದೆ, ಗುಳಿಗೆ ತಪ್ಪಿಸುತ್ತಿದ್ದೀರಿ ಎಂದು ಗದರಿದೆ. ಅಂದಿನಿಂದ ಎಂಟು. ಆಮೇಲೆ ಅದು ಬದಲಾಗಲೇ ಇಲ್ಲ.

ಇಲ್ಲಿಯವರೆಗೆ ನಗುವ ಮಾತಾಯಿತು. ಇನ್ನು ರಸ್ತೆ.

ಮಕ್ತಲ್‌ನಿಂದ ನಾರ್ವದ ಕಡೆಗೆ ಹೋಗುವಾಗ ಒಳಗೆ ತಿರುಗುವ ಆ ರಸ್ತೆಗೆ ರಸ್ತೆ ಅನ್ನುವುದು ದೊಡ್ಡ ಮಾತು. ಡಾಂಬರಿದ್ದ ಕಡೆ ತಗ್ಗು, ಇಲ್ಲದ ಕಡೆ ಕಲ್ಲು. ಹೋರಾಟದ ದಿನಗಳಲ್ಲಿ ಎಲ್ಲ ಊರಿನವರೂ ರಾಸ್ತಾ ರೋಕೋ ಮಾಡುತ್ತಿದ್ದರೆ ನಮ್ಮೂರಿನವರು ಸುಮ್ಮನಿದ್ದರು, ಅಲ್ಲಿ ತಡೆಯುವಂಥ ವಾಹನವೇ ಬರುತ್ತಿರಲಿಲ್ಲ. ದಿನ ತುಂಬಿದ ಹೆಂಗಸರನ್ನು ಆ ದಾರಿಯಲ್ಲಿ ಮಕ್ತಲ್ ಆಸ್ಪತ್ರೆಗೆ ಸಾಗಿಸುವುದು ನನ್ನ ಕೆಲಸ. ತಲುಪುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಿದ್ದೆ.

ಬಹಳ ಕಾಡಿ ಬೇಡಿದ ಮೇಲೆ ರಸ್ತೆ ನೋಡಲು ಒಬ್ಬ ಇಂಜಿನಿಯರ್ ಸಾಹೇಬರು ಬಂದರು. ಇದು ರಾಜ್ಯ ಆಗುವುದಕ್ಕೆ ಮುಂಚಿನ ಮಾತು. ಸಾಹೇಬರು ಇಲಾಖೆಯ ಜೀಪಿನಲ್ಲಿ ಕುಲುಕಾಡಿಕೊಂಡು ಬಂದಿದ್ದರೆ ಸಾಕಿತ್ತು. ಪಟೇಲರು ಬಿಡಬೇಕಲ್ಲ. ಊರಿನ ಮರ್ಯಾದೆಯ ಪ್ರಶ್ನೆ ಎಂದು ಮಕ್ತಲ್‌ಗೇ ಹೋಗಿ, ಉಗ್ಗಾಣಿ ಮಿರ್ಚಿ ತಿನ್ನಿಸಿ, ತಮ್ಮ ಗಾಡಿಯಲ್ಲಿ ಕೂರಿಸಿಕೊಂಡು, ನಾಬನ್ನು ಒಂದಕ್ಕೆ ತಿರುಗಿಸಿದರು. ತಗ್ಗು ಬಂದಲ್ಲೆಲ್ಲ ಆಮೆಯಂತೆ ನಡೆಸಿದರು. ಹಿಂದೆ ಕೂತಿದ್ದ ನನಗೆ ಕಾಣುತ್ತಿದ್ದದ್ದು ಸಾಹೇಬರ ತಲೆ ಮಾತ್ರ. ಮೊದಲು ಅದು ಆ ಕಡೆ ಈ ಕಡೆ ನೋಡುತ್ತಿತ್ತು, ಆಮೇಲೆ ಮೆಲ್ಲಗೆ ತೂಗಿತು, ಆಮೇಲೆ ಎದೆಯ ಮೇಲೆ ಬಿತ್ತು. ಊರ ಬಾಗಿಲಲ್ಲಿ ಎಚ್ಚರಗೊಂಡು, "ರೋಡ್ಡು ಬಾಗಾನೇ ಉಂದಿ ಗದಾ" ಎಂದರು. ರಸ್ತೆ ಚೆನ್ನಾಗಿಯೇ ಇದೆಯಲ್ಲ ಎಂದು. ಅದನ್ನೇ ಮೇಲಕ್ಕೆ ಬರೆದರು. ನಮ್ಮ ರಸ್ತೆಯ ದುಡ್ಡು ಮರಿಕಲ್ ಕಡೆಯ ಇನ್ಯಾವುದೋ ಊರಿಗೆ ಹೋಯಿತು.

ಪಟೇಲರಿಗೆ ಒಂದಿಷ್ಟೂ ಬೇಜಾರಿಲ್ಲ. ಸಾಹೇಬರು ತಮ್ಮ ಗಾಡಿಯಲ್ಲಿ ಮಗುವಿನಂತೆ ಮಲಗಿದ್ದನ್ನು ಆ ವರ್ಷವೆಲ್ಲ ಕಂಡಕಂಡವರಿಗೆ ಹೇಳಿದರು.

ಆ ಮಳೆಗಾಲದಲ್ಲೇ ನೀಲಮ್ಮನಿಗೆ ನೋವು ಬಂತು. ಗಂಡ ಕುರಿ ಹೊಡೆದುಕೊಂಡು ವಡ್ಡೆಪಲ್ಲಿಯ ಕಡೆ ಹೋಗಿದ್ದ, ಪಟೇಲರ ಗಾಡಿ ಗದ್ವಾಲದಲ್ಲಿತ್ತು, ಆಂಬುಲೆನ್ಸಿನವರು ತಿರುವಿನ ಆಚೆ ಬರುವುದಿಲ್ಲವೆಂದರು. ಟ್ರಾಕ್ಟರಿನ ಟ್ರೇಲರಿನಲ್ಲಿ ಕೌದಿ ಹಾಸಿ ಹೊರಟೆವು. ಅರ್ಧ ದಾರಿಯಲ್ಲಿ, ಮಳೆಯಲ್ಲಿ, ತಾಡಪತ್ರಿಯ ಕೆಳಗೆ ಹೆರಿಗೆ ಮಾಡಿಸಿದೆ. ಮಗು ಅತ್ತಿತು. ತಾಯಿಗೆ ಮಾತ್ರ ರಕ್ತ ನಿಲ್ಲದೆ, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬಿಳಿಚಿಹೋಗಿದ್ದಳು. ಬದುಕಿದಳು, ಬೀರಪ್ಪ ದೇವರ ದಯೆ ಅಂತಾಳೆ ಅವಳು. ಆವತ್ತು ನನಗೆ ಪಟೇಲರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಅನ್ನುವವರು ಆ ಟ್ರೇಲರಿನಲ್ಲಿ ಕೂತಿರಲಿಲ್ಲ.

ಹೊಸ ರಾಜ್ಯ ಬಂತು. ನಮ್ಮ ರಾಜ್ಯ, ನಮ್ಮ ನೀರು, ನಮ್ಮ ರಸ್ತೆ ಎಂದು ಎಲ್ಲರಿಗೂ ಹುರುಪು. ಅಷ್ಟರಲ್ಲಿ ನೀಲಮ್ಮ ಪಂಚಾಯಿತಿಯಲ್ಲಿ ವಾರ್ಡ್ ಮೆಂಬರ್ ಆಗಿದ್ದಳು. ಹೆಂಗಸರ ಸೀಟು, ಮೈಲಾರಲಿಂಗನ ಭಂಡಾರ ಹಚ್ಚಿಕೊಂಡು ನಾಮಿನೇಷನ್ ಹಾಕಿ ಗೆದ್ದಿದ್ದಳು. ಮಕ್ತಲ್ ಆಫೀಸಿಗೆ ಅಲೆದು ಅಲೆದು ಮತ್ತೊಮ್ಮೆ ರಸ್ತೆ ನೋಡಲು ಸಾಹೇಬರು ಬರುವಂತೆ ಮಾಡಿದವಳೂ ಅವಳೇ. ಆದರೆ ಸಾಹೇಬರನ್ನು ಕರೆತರುವವರು ಯಾರು? ಪಟೇಲರು ಆಗಲೇ ಗಾಡಿ ತೊಳೆಸಲು ಹಚ್ಚಿದ್ದರು.

ಹಿಂದಿನ ದಿನ ಪಂಚಾಯಿತಿ ಕಟ್ಟೆಯಲ್ಲಿ ಸಭೆ ಸೇರಿತು. ಗಾಡಿ ಬೇಕಾದರೆ ಪಟೇಲರದೇ ಇರಲಿ, ನಾಬು ಮಾತ್ರ ಒಂಬತ್ತಕ್ಕಿರಬೇಕು ಎಂದು ಎಲ್ಲರೂ ಹಿಡಿದುಕೂತರು. ಪಟೇಲರ ಮುಖ ಸೂತಕದ ಮನೆಯಾಯಿತು.

"ನಮ್ಮ ಗಾಡ್ಯಾಗ ಕುಂತ ಸಾಹೇಬ್ರು ಅಯ್ಯಪ್ಪಾ ಅಂದ್ರ ನಮ್ಮ ಮನಿತನ ಎಲ್ಲಿಗೆ ಬಂತ್ರಿ?" ಎಂದರು.

ಮೂರಕ್ಕೆ ಇಡುತ್ತೇನೆಂದರು. ಆಗುವುದಿಲ್ಲ ಎಂದಿತು ಸಭೆ. ಐದು ಎಂದರು, ಮಾಸ್ತರರಿಗೆ ಕೊಡುವಷ್ಟು. ಆಗಲಿಲ್ಲ. ದನದ ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಒಂದೊಂದೇ ನಂಬರು ಏರುತ್ತ ಏಳರಲ್ಲಿ ಬಂದು ನಿಂತರು. ಆಗ ನೀಲಮ್ಮ ಎದ್ದು ನಿಂತು, ತಾನೂ ನಾಳೆ ಗಾಡಿಯಲ್ಲಿ ಬರುತ್ತೇನೆ, ಮೆಂಬರ್ ಇದ್ದೇನೆ, ಎಂದಷ್ಟೇ ಹೇಳಿದಳು. ಕುರುಬರ ಹೆಂಗಸು ಹತ್ತಿದರೆ ಅವರ ಲೆಕ್ಕದಲ್ಲಿ ಹೇಗೂ ಒಂಬತ್ತೇ, ಪಟೇಲರು ಒಪ್ಪಿದರು.

ಮಕ್ತಲ್‌ನಲ್ಲಿ ಸಾಹೇಬರು ಹತ್ತಿದರು. ಹೊಸ ಸಾಹೇಬರು, ವಯಸ್ಸು ಚಿಕ್ಕದು, ಕನ್ನಡಕ ದೊಡ್ಡದು. ಹಿಂದೆ ನಾನು ಮತ್ತು ನೀಲಮ್ಮ. ಕೊಟ್ಟ ಮಾತಿನಂತೆ ನಾಬು ಒಂಬತ್ತಕ್ಕೇ ಇತ್ತು, ಅದನ್ನು ನಾನು ಕಣ್ಣಾರೆ ನೋಡಿದೆ. ಒಳದಾರಿಗೆ ತಿರುಗಿದ್ದೇ ತಡ ಮೊದಲ ತಗ್ಗು ಸಿಕ್ಕಿತು. ಸಾಹೇಬರು ಸೀಟು ಬಿಟ್ಟು ಮೇಲೆದ್ದು "ಅಬ್ಬಾ" ಎಂದರು. ಅಷ್ಟೇ, ಪಟೇಲರ ಎಡಗೈ ತಾನಾಗಿ ಹೋಗಿ ನಾಬನ್ನು ಎರಡಕ್ಕೆ ತಂದಿತು. ಅವರ ಕಣ್ಣು ರಸ್ತೆಯ ಮೇಲೇ ಇತ್ತು. ಕೈ ಮಾಡಿದ್ದು ಅವರಿಗೆ ಗೊತ್ತೇ ಇರಲಿಲ್ಲವೆಂದು ನಾನು ಈಗಲೂ ನಂಬುತ್ತೇನೆ.

ನೀಲಮ್ಮ ಎರಡು ಸೀಟಿನ ನಡುವೆ ಬಾಗಿ, ಬಳೆ ತುಂಬಿದ ಕೈಯನ್ನು ಮುಂದೆ ಚಾಚಿ ಮತ್ತೆ ಒಂಬತ್ತಕ್ಕೆ ತಿರುಗಿಸಿದಳು. ಪಟೇಲರ ಕೈ ಬಂತು, ಮೂರಾಯಿತು. ಅವಳ ಕೈ ಹೋಯಿತು, ಒಂಬತ್ತಾಯಿತು. ಸಾಹೇಬರು, ಬಹುಶಃ ರೇಡಿಯೋ ಇರಬೇಕೆಂದುಕೊಂಡು, ತಮಗೆ ಹಾಡು ಬೇಡವೆಂದು ತೆಲುಗಿನಲ್ಲಿ ಹೇಳಿದರು. ಕೊನೆಗೆ ನೀಲಮ್ಮ ನಾಬನ್ನು ಮುಷ್ಟಿಯಲ್ಲಿ ಹಿಡಿದು ಕೂತುಬಿಟ್ಟಳು. ಅವಳ ಕೈಯ ಮೇಲೆ ಕೈ ಇಡುವುದು ಹೇಗೆಂದು ತಿಳಿಯದೆ ಪಟೇಲರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದರು. ಮರ್ಯಾದೆಯ ಮನುಷ್ಯರಿಗೆ ಅದೊಂದು ದಾರಿ ಮುಚ್ಚಿತ್ತು.

ನೀಲಮ್ಮನ ಮಗಳು ಹುಟ್ಟಿದ ಜಾಗಕ್ಕೆ ಬರುವ ಹೊತ್ತಿಗೆ ಸಾಹೇಬರ ತಲೆ ಮೇಲಕ್ಕೆ ಬಡಿದು ಕನ್ನಡಕ ಕೆಳಗೆ ಬಿದ್ದಿತ್ತು. ನಿಲ್ಲಿಸಿ ಎಂದರು. ಇಳಿದು ತಲೆ ಒರೆಸಿಕೊಂಡು ನಿಂತರು. ಪಟೇಲರು ಓಡಿಹೋಗಿ ಕೈ ಮುಗಿದು, ಕ್ಷಮಿಸಬೇಕು, ಗಾಡಿ ಕೆಟ್ಟಿದೆ, ಶಾಕ್ ಅಬ್ಸಾರ್ಬರ್ ಹೋಗಿವೆ ಎಂದು ತೆಲುಗಿನಲ್ಲಿ ಬಡಬಡಿಸತೊಡಗಿದರು. ಊರಿಡೀ ಕಾದುಕುಳಿತ ರಸ್ತೆಯನ್ನು ಆ ಒಂದು ಮಾತಿನಲ್ಲಿ ಮತ್ತೆ ಮುಳುಗಿಸುವುದರಲ್ಲಿದ್ದರು.

ನೀಲಮ್ಮ ಕೆಳಗಿಳಿದು ಬಂದಳು. ಸಾಹೇಬರಿಗೆ ತಿಳಿಯಲೆಂದು ಅವಳೂ ತೆಲುಗಿನಲ್ಲೇ ಹೇಳಿದಳು, ಗಾಡಿಗೆ ಏನೂ ಆಗಿಲ್ಲ, ಕೆಟ್ಟಿರುವುದು ರಸ್ತೆ, ನಾನು ಇಲ್ಲಿಯೇ ಟ್ರಾಕ್ಟರಿನಲ್ಲಿ ಹೆತ್ತವಳು ಎಂದು. ಆಮೇಲೆ ಪಟೇಲರ ಕಡೆ ತಿರುಗಿ ನಮ್ಮ ಮಾತಿನಲ್ಲಿ ಹೇಳಿದಳು:

"ಸಾಹೇಬ್ರಿಗೆ ಒಂದು ದಿನ ನಮ್ಮ ನಂಬರ್ ಕೊಟ್ಟೀವ್ರಿ ಪಟೇಲ್ರ. ನಾವು ದಿನಾ ಕುಂಡ್ರತೀವಿ."

ಪಟೇಲರು ಟವಲಿನಿಂದ ಮುಖ ಒರೆಸಿಕೊಂಡರು. ಸಾಹೇಬರು ಉಳಿದ ದಾರಿಯನ್ನು ನಡೆದೇ ನೋಡಿದರು, ಅರ್ಧಕ್ಕಿಂತ ಹೆಚ್ಚು ಅವರ ಬೂಟಿಗೆ ಅಂಟಿಕೊಂಡಿತು.

ಮುಂದಿನ ಬೇಸಿಗೆಗೆ ಡಾಂಬರು ಬಿತ್ತು. ತೆಂಗಿನಕಾಯಿ ಒಡೆದವರು ಪಟೇಲರು. ಆ ರಸ್ತೆಯನ್ನು ತಾವೇ ಮಂಜೂರು ಮಾಡಿಸಿದ್ದೆಂದು ನಾರಾಯಣಪೇಟೆಯ ಅಂಗಡಿಗಳಲ್ಲಿ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ನೀಲಮ್ಮನಿಗೆ ಹೇಳಿದರೆ, ಹೇಳಿಕೊಳ್ಳಲಿ ಬಿಡಿ, ಗಾಡಿ ಅವರದೇ ಇತ್ತಲ್ಲ ಎಂದು ನಕ್ಕಳು.

ಆದರೆ ಆ ರಸ್ತೆ ಪಟೇಲರನ್ನು ಕೊರಗಿಗೆ ಹಚ್ಚಿತು. ನೆಟ್ಟಗಿನ ಡಾಂಬರಿನ ಮೇಲೆ ಒಂದಕ್ಕಿಟ್ಟರೂ ಒಂಬತ್ತಕ್ಕಿಟ್ಟರೂ ಕೂತವರಿಗೆ ದೊಡ್ಡ ಫರಕು ತಿಳಿಯುತ್ತಿರಲಿಲ್ಲ. ತಹಸೀಲ್ದಾರರೂ ಆರಾಮ, ಕುರಿಕಾಯುವವರೂ ಆರಾಮ. ಇಳಿದವರು ಯಾರೂ ಸೊಂಟ ಹಿಡಿದುಕೊಳ್ಳುತ್ತಿರಲಿಲ್ಲ, ಇಳಿದವರು ಯಾರೂ ಪಟೇಲರ ಗಾಡಿಯನ್ನು ಹೊಗಳುತ್ತಲೂ ಇರಲಿಲ್ಲ. ಅವರು ಸ್ವಲ್ಪ ದಿನ ತಡೆದುಕೊಂಡರು. ಆಮೇಲೆ ದೊಡ್ಡವರು ಬಂದರೆ ಹೊಸ ರಸ್ತೆ ಬಿಟ್ಟು ಹಳ್ಳದ ಪಕ್ಕದ ಬಂಡಿ ದಾರಿಯಲ್ಲಿ ಸುತ್ತು ಹಾಕಿ ಕರೆತರತೊಡಗಿದರು. ಯಾಕೆ ಈ ದಾರಿ ಎಂದು ಬಂದವರು ಕೇಳಿದರೆ, ಹತ್ತಿರವಾಗುತ್ತದೆ ಅನ್ನುತ್ತಿದ್ದರು. ಬೀಗರು ಬಂದರೂ ಅದೇ ದಾರಿ, ನಂಬರು ಮಾತ್ರ ಬೇರೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಸಾಯುವುದಕ್ಕೆ ಕೆಲವು ದಿನ ಮೊದಲು, ನೀಲಮ್ಮನ ಮನೆಗೆ ಹೋಗಿದ್ದಾಗ. ಕರೆಸಿ ಬಿಪಿ ನೋಡಿಸಿಕೊಂಡರು. ಗುಳಿಗೆ ಬಿಟ್ಟೇಬಿಟ್ಟಿದ್ದರು. ಬೈದೆ. ಅವರು ಎದ್ದು ಗಾಡಿ ತೆಗೆದು, ನನ್ನನ್ನು ಬಂಡಿ ದಾರಿಯಲ್ಲೇ ಬಸ್ಸಿನವರೆಗೆ ಮುಟ್ಟಿಸಿದರು. ಎರಡು ದಿನ ಬೆನ್ನು ನೋವಿತ್ತು ನನಗೆ.

ನೀಲಮ್ಮ ಹೇಳಿದಂತೆ ಬಸ್ಸಿಗೇ ಹೋದೆ. ರಸ್ತೆ ನಿಜವಾಗಿಯೂ ಚೆನ್ನಾಗಿತ್ತು, ತಿರುವು ದಾಟಿದ ಮೇಲೆ ನನಗೆ ಜೊಂಪು ಹತ್ತಿತು. ಇಳಿದಾಗ ಭಜನೆಯವರು ಬಂದಿದ್ದರು, ಹೂವಿನಿಂದ ಸಿಂಗರಿಸಿದ ಟ್ರಾಕ್ಟರ್ ನಿಂತಿತ್ತು. ಆದರೆ ಮಗ ಒಪ್ಪಲಿಲ್ಲ, ಅಪ್ಪ ಗಾಡಿಯಲ್ಲೇ ಹೋಗಬೇಕು ಎಂದ. ನಮ್ಮಲ್ಲಿ ಕೂರಿಸಿಯೇ ಮಣ್ಣು ಕೊಡುವುದು. ಹಾಗಾಗಿ ಪಟೇಲರನ್ನು ಸಾಹೇಬರು ಕೂರುತ್ತಿದ್ದ ಮುಂದಿನ ಸೀಟಿನಲ್ಲಿ ಕೂರಿಸಿ, ಬೀಳದಂತೆ ಬಿಳಿಯ ಬಟ್ಟೆಯಿಂದ ಕಟ್ಟಿದರು. ವಿಭೂತಿ, ಹೊಸ ಟವಲು, ಎಲ್ಲ ಸರಿಯಾಗಿತ್ತು. ಮಣ್ಣು ಮಾಡುವ ಹೊಲಕ್ಕೆ ಆ ಬಂಡಿ ದಾರಿಯಲ್ಲೇ ಹೋಗಬೇಕು.

ಮಗ ಇಂಜಿನ್ ಶುರು ಮಾಡಿದ. ನಾನು ಕಿಟಕಿಯ ಹತ್ತಿರ ಕೈ ಮುಗಿದು ನಿಂತಿದ್ದವಳು ಒಳಗೆ ಇಣುಕಿದೆ. ನಾಬು ಎಂಟರಲ್ಲಿತ್ತು, ನನ್ನ ನಂಬರಿನಲ್ಲಿ. ನನ್ನನ್ನು ಬಿಟ್ಟುಬಂದ ಮೇಲೆ ಅವರು ಗಾಡಿ ತೆಗೆದಿರಲೇ ಇಲ್ಲ. ನಗಬೇಕೆನಿಸಿತು, ಅದಕ್ಕಿಂತ ಮೊದಲು ಕಣ್ಣು ತುಂಬಿ ಬಂತು. ಆ ನಾಬು ಏನೆಂದು ಮಗನಿಗೂ ಗೊತ್ತಿರಲಿಲ್ಲ, ಅವರು ಯಾರಿಗೂ ಮುಟ್ಟಗೊಟ್ಟವರಲ್ಲ.

ನೀಲಮ್ಮ ಜನರನ್ನು ಸರಿಸಿಕೊಂಡು ಬಂದಳು. ಕಿಟಕಿಯೊಳಗೆ ಕೈ ಹಾಕಿ, ಪಟೇಲರ ಎದೆಯ ಮುಂದಿನಿಂದ ಚಾಚಿ, ನಾಬನ್ನು ಎಂಟರಿಂದ ಏಳಕ್ಕೆ, ಏಳರಿಂದ ಆರಕ್ಕೆ, ಹಾಗೆ ನಿಧಾನವಾಗಿ ಒಂದರವರೆಗೆ ತಿರುಗಿಸಿದಳು. ಮಗ ಅದ್ಯಾಕೆ ಎಂದು ಅವಳ ಮುಖ ನೋಡಿದ.

"ಇವತ್ತ ಸಾಹೇಬ್ರು ಅವ್ರೇ ಅದಾರಪ್ಪ. ಹಗೂರಕ ಹೊಡಿ," ಅಂದಳು.

ಗಾಡಿ ಬಂಡಿ ದಾರಿಗೆ ಇಳಿಯಿತು. ನಾವು ಹಿಂದೆ ನಡೆದೆವು. ಹಿಂದಿನ ಗಾಜಿನಲ್ಲಿ ಪಟೇಲರ ತಲೆ ಕಾಣುತ್ತಿತ್ತು. ಮೊದಲು ಆ ಕಡೆ ಈ ಕಡೆ ನೋಡಿದಂತೆ ಆಯಿತು, ಆಮೇಲೆ ಮೆಲ್ಲಗೆ ತೂಗಿತು, ಆಮೇಲೆ ಎದೆಯ ಮೇಲೆ ಬಿತ್ತು.